ಕೊಪ್ಪಕ್ಕೊಂದು ನಾಣ್ಯ ಇದ್ದಿದ್ದರೆ

ನನಗೆ ವಿದೇಶಿ ವಿನಿಮಯದ ಪಾಠ ಹೇಳಿಕೊಟ್ಟವರು ನರಸಿಂಹರಾಜಪುರದ ನರ್ಸುಗಳ ತಾಯಂದಿರು. ಬ್ಯಾಂಕಿನ ಕೆಲಸದಲ್ಲಿ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ಕಡೆ ಕೂತು ಬಂದವಳು ನಾನು. ಕೊಪ್ಪದಲ್ಲಿ ತೋಟದ ಸಾಲ, ಶೃಂಗೇರಿಯಲ್ಲಿ ಯಾತ್ರಿಕರ ಚಿಲ್ಲರೆ, ಎನ್.ಆರ್.ಪುರದಲ್ಲಿ ಹೊರದೇಶದ ದುಡ್ಡು. ಕೇರಳದಿಂದ ಬಂದು ನೆಲೆಸಿ ರಬ್ಬರು, ಶುಂಠಿ, ಮೆಣಸು ಬೆಳೆದ ಮನೆಗಳ ಹೆಣ್ಣುಮಕ್ಕಳು ನರ್ಸಿಂಗ್ ಓದಿ ಕಡಲಾಚೆ ಹೋದರು. ತಿಂಗಳ ಮೊದಲ ವಾರ ಅವರ ತಾಯಂದಿರು ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನೊಳಗಿಟ್ಟುಕೊಂಡು ಕೌಂಟರಿಗೆ ಬರುತ್ತಿದ್ದರು. ಅವರಲ್ಲಿ ಒಬ್ಬಾಕೆಗೆ ದೊಡ್ಡ ಮಗಳು ಐರ್ಲೆಂಡಿನಲ್ಲಿ, ಸಣ್ಣವಳು ಜರ್ಮನಿಯಲ್ಲಿ, ತಂಗಿಯ ಮಗಳು ಇಂಗ್ಲೆಂಡಿನಲ್ಲಿ.

"ಮೇಡಂ, ಐರ್ಲೆಂಡು ಇಂಗ್ಲೆಂಡಿನ ಪಕ್ಕದಲ್ಲೇ ಉಂಟು. ಭಾಷೆ ಸಹ ಒಂದೇ. ಜರ್ಮನಿ ಎಲ್ಲೋ ಆಚೆ. ಆದರೂ ನನ್ನ ಇಬ್ಬರು ಮಕ್ಕಳದ್ದೂ ಒಂದೇ ದುಡ್ಡು, ತಂಗಿಯ ಮಗಳದ್ದು ಮಾತ್ರ ಬೇರೆ. ಅದು ಹ್ಯಾಗೆ?"

ಅರ್ಥಶಾಸ್ತ್ರ ಓದಿದ ಎಷ್ಟೋ ಮಂದಿಗೆ ಹೊಳೆಯದ ಪ್ರಶ್ನೆ ಇದು. ಹಿಂದೆ ಕ್ಯೂ ಬೆಳೆಯುತ್ತಿತ್ತು, ಅವತ್ತು ನಾನು ಹೇಳಿದ್ದು ನಾಲ್ಕೇ ಮಾತು. ಈಗ ನಿವೃತ್ತಿಯಾಗಿದೆ, ಕ್ಯೂ ಇಲ್ಲ.

1999ರ ಜನವರಿ 1ರಂದು ಯುರೋಪಿನ ಹನ್ನೊಂದು ದೇಶಗಳು ತಂತಮ್ಮ ಹಣದ ಬೆಲೆಯನ್ನು ಬಿಚ್ಚಲಾಗದಂತೆ ಒಂದಕ್ಕೊಂದು ಗಂಟು ಹಾಕಿದವು. 1.95583 ಜರ್ಮನ್ ಮಾರ್ಕಿಗೆ ಒಂದು ಯೂರೋ, 1936.27 ಇಟಲಿಯ ಲೀರಾಕ್ಕೆ ಒಂದು ಯೂರೋ. ಮೊದಲ ಮೂರು ವರ್ಷ ಇದು ಲೆಕ್ಕದ ಪುಸ್ತಕದೊಳಗಿನ ಹಣವಾಗಿಯೇ ಇತ್ತು. ನೋಟು, ನಾಣ್ಯ ಜನರ ಕೈಗೆ ಬಂದದ್ದು 2002ರ ಜನವರಿ 1ಕ್ಕೆ. ಅಷ್ಟರಲ್ಲಿ ಗ್ರೀಸ್ ಕೂಡ ಒಳಗೆ ಬಂದು ಹನ್ನೆರಡು ದೇಶಗಳಾಗಿದ್ದವು. ಐರ್ಲೆಂಡ್ ತನ್ನ ಪೌಂಡನ್ನು ಬಿಟ್ಟು ಸೇರಿತು, ಬ್ರಿಟನ್ ತನ್ನದನ್ನು ಬಿಡಲಿಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರ ಇಷ್ಟೇ. 2023ರಲ್ಲಿ ಕ್ರೊಯೇಷಿಯಾ, 2026ರಲ್ಲಿ ಬಲ್ಗೇರಿಯಾ ಸೇರಿ ಈಗ ಯೂರೋ ದೇಶಗಳು ಇಪ್ಪತ್ತೊಂದು.

ಒಂದೇ ನೋಟು ಇಟ್ಟುಕೊಂಡರೆ ಲಾಭವೇನು ಎಂದು ಕೇಳಿದರೆ ಬ್ಯಾಂಕಿನವಳಾಗಿ ನನಗೆ ನಾಚಿಕೆಯಿಲ್ಲದೆ ಹೇಳಬರುತ್ತದೆ: ನಮ್ಮಂಥವರ ಪಾಲು ತಪ್ಪುತ್ತದೆ. ಹೊರದೇಶದ ಹಣಕ್ಕೆ ಕೊಳ್ಳುವ ದರ ಒಂದು, ಮಾರುವ ದರ ಇನ್ನೊಂದು. ನಡುವಿನದು ಬ್ಯಾಂಕಿನ ಅನ್ನ. ಅಕ್ಕ ಐರ್ಲೆಂಡಿನಿಂದ ಜರ್ಮನಿಯ ತಂಗಿಗೆ ದುಡ್ಡು ಕಳಿಸಿದರೆ ಆ ಅನ್ನ ಯಾರಿಗೂ ಇಲ್ಲ. ಮಾಲು ಕೊಂಡವನಿಗೆ ಮೂರು ತಿಂಗಳು ಬಿಟ್ಟು ಹಣ ಕೊಡುವಾಗ ದರ ಏನಾಗಿರುತ್ತದೋ ಎಂಬ ಅಂಜಿಕೆಯಿಲ್ಲ. ವ್ಯಾಪಾರಿಗೆ ಇದು ಸಣ್ಣ ಸಂಗತಿಯಲ್ಲ.

ಕೊಡಬೇಕಾದ ಬೆಲೆ ಬೇರೆ ಕಡೆ ಇದೆ. ಹಣ ಒಂದಾದ ಮೇಲೆ ಬಡ್ಡಿದರವೂ ಒಂದೇ, ಅದನ್ನು ತೀರ್ಮಾನಿಸುವುದು ಫ್ರಾಂಕ್‌ಫರ್ಟಿನ ಯುರೋಪಿಯನ್ ಸೆಂಟ್ರಲ್ ಬ್ಯಾಂಕು. ಸಾಲ ಮಾಡುವುದಕ್ಕೂ ಕಡಿವಾಣ: 1992ರ ಮಾಸ್ಟ್ರಿಕ್ಟ್ ಒಪ್ಪಂದದಂತೆ ಸರ್ಕಾರದ ವಾರ್ಷಿಕ ಕೊರತೆ ದೇಶದ ಒಟ್ಟು ಉತ್ಪನ್ನದ ಶೇ. 3ನ್ನು, ಒಟ್ಟು ಸಾಲ ಶೇ. 60ನ್ನು ದಾಟಬಾರದು. ದಾಟಿದವರು ಬೇಕಾದಷ್ಟು ಮಂದಿ, ಆ ಮಾತು ಬೇರೆ. ದೊಡ್ಡ ಸಂಗತಿ ಎಂದರೆ, ಕಷ್ಟ ಬಂದಾಗ ತನ್ನ ಹಣದ ಬೆಲೆಯನ್ನು ತಾನೇ ಇಳಿಸಿಕೊಳ್ಳುವ ದಾರಿ ಆ ದೇಶಕ್ಕೆ ಮುಚ್ಚಿಹೋಗುತ್ತದೆ.

ಬೆಲೆ ಇಳಿಸಿಕೊಳ್ಳುವುದರಲ್ಲಿ ಏನು ಭಾಗ್ಯ ಎನ್ನುವವರು ನಮ್ಮ ಮೂರು ತಾಲ್ಲೂಕುಗಳ ಕಡೆ ನೋಡಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿ ಒಂದು ದೇಶ ಎಂದುಕೊಳ್ಳಿ. ಅದಕ್ಕೊಂದು ಹಣ, ಹೆಸರು ತುಂಗಾ ಎಂದಿರಲಿ. ಹೊರಗೆ ಮಾರುವುದು ಅಡಿಕೆ, ಕಾಫಿ, ಮೆಣಸು. ಜೊತೆಗೆ ಶಾರದೆಯ ದರ್ಶನಕ್ಕೆ ಬರುವವರ ಊಟ, ವಸತಿ. ಹೊರಗಿನಿಂದ ತರುವುದು ಪೆಟ್ರೋಲು, ಸಿಮೆಂಟು, ಗೊಬ್ಬರ, ಬೈಕು, ಬಯಲುಸೀಮೆಯ ಅಕ್ಕಿ. ಈ ದೇಶಕ್ಕೆ ಹಳದಿ ಎಲೆ ರೋಗ ಬರುತ್ತದೆ.

ಇದು ಕಲ್ಪನೆಯ ಮಾತಲ್ಲ. ಕೇರಳದಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಕಾಣಿಸಿಕೊಂಡ ರೋಗ ಈ ಮೂರು ತಾಲ್ಲೂಕುಗಳನ್ನು ದಶಕಗಳಿಂದ ತಿನ್ನುತ್ತಿದೆ. ಮೊದಲು ಹೊರಗಿನ ಸೋಗೆಯ ತುದಿ ಹಳದಿಯಾಗುತ್ತದೆ, ಆಮೇಲೆ ಸುಳಿಯ ಕಡೆಗೆ ಬರುತ್ತದೆ. ಗೊನೆ ಸಣ್ಣದಾಗುತ್ತದೆ, ಬಿಟ್ಟ ಕಾಯೂ ಉದುರುತ್ತದೆ. ಸುಲಿದರೆ ಒಳಗಿನ ಅಡಿಕೆ ಮೆತ್ತಗೆ, ಕಪ್ಪು ಹಿಡಿದಿರುತ್ತದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ವಾಸಿಮಾಡುವ ಔಷಧಿ ಇನ್ನೂ ಬಂದಿಲ್ಲ. ಬೋರ್ಡೋ ಹೊಡೆದು ಕೊಳೆರೋಗ ಗೆದ್ದವರು ಇದರ ಮುಂದೆ ಕೈಚೆಲ್ಲಿದರು. ನಮ್ಮ ತಂದೆಯ ತೋಟದಲ್ಲೂ ಹಳ್ಳದ ಅಂಚಿನ ಸಾಲಿನಿಂದ ಶುರುವಾಗಿ ಮನೆಯ ಕಡೆ ಬಂತು. ಈಗ ಸಾಲದ್ದಕ್ಕೆ ಎಲೆಚುಕ್ಕೆ ರೋಗ ಬೇರೆ.

ತುಂಗಾ ಎಂಬ ಹಣವಿದ್ದಿದ್ದರೆ ಏನಾಗುತ್ತಿತ್ತು? ಹೊರಗಿನಿಂದ ಬರುವ ಗಳಿಕೆ ಕುಸಿದ ಕೂಡಲೇ ರೂಪಾಯಿಯ ಎದುರು ತುಂಗಾದ ಬೆಲೆ ಇಳಿಯುತ್ತಿತ್ತು. ಉಳಿದ ಅಡಿಕೆಗೆ ಶಿವಮೊಗ್ಗದ ಮಂಡಿಯಲ್ಲಿ ಸಿಕ್ಕ ರೂಪಾಯಿಗೆ ಹೆಚ್ಚು ತುಂಗಾ ಬರುತ್ತಿತ್ತು. ಕಾಫಿ ಬೆಳೆಗಾರನಿಗೂ ಹಾಗೆಯೇ. ಬೆಂಗಳೂರಿನ ಯಾತ್ರಿಕರಿಗೆ ಶೃಂಗೇರಿ ಅಗ್ಗವಾಗಿ, ಎರಡು ದಿನ ಇರುವವರು ನಾಲ್ಕು ದಿನ ಇರುತ್ತಿದ್ದರು. ಅದೇ ಹೊತ್ತಿಗೆ ಪೆಟ್ರೋಲು, ಬೈಕು, ಸಿಮೆಂಟು ಎಲ್ಲರಿಗೂ ತುಟ್ಟಿಯಾಗುತ್ತಿದ್ದವು. ಸಂಬಳದ ಮೇಷ್ಟ್ರಿಗೂ, ಅಂಗಡಿಯ ಶೆಟ್ಟರಿಗೂ, ಬ್ಯಾಂಕಿನ ನನಗೂ. ರೋಗದ ಹೊರೆ ಅಷ್ಟಿಷ್ಟು ಎಲ್ಲರ ಹೆಗಲಿಗೆ ಹಂಚಿಹೋಗುತ್ತಿತ್ತು. ಸ್ವಂತ ಹಣ ಇರುವ ದೇಶ ಗಾಳಿಗೆ ಅಡಿಕೆ ಮರ ಬಾಗಿದ ಹಾಗೆ ಬಾಗುತ್ತದೆ.

ನಮ್ಮಲ್ಲಿರುವುದು ರೂಪಾಯಿ. ಅದು ಕೊಪ್ಪದ ಸೋಗೆ ಹಳದಿಯಾಯಿತೆಂದು ಬಾಗುವುದಿಲ್ಲ, ಬಾಗಲೂಬಾರದು. ಗೊಬ್ಬರದ ಬೆಲೆ ಇದ್ದಲ್ಲೇ ಇತ್ತು, ಕೂಲಿ ಇದ್ದಲ್ಲೇ ಇತ್ತು, ನಮ್ಮ ಬ್ಯಾಂಕಿನ ಸಾಲದ ಕಂತಂತೂ ಇದ್ದಲ್ಲೇ ಇತ್ತು. ಇಳುವರಿ ಮಾತ್ರ ಇಳಿಯಿತು. ಹೊರೆಯೆಲ್ಲ ತೋಟದ ಮನೆಗಳ ಮೇಲೆ ಬಿತ್ತು. ಚಿನ್ನದ ಸಾಲಕ್ಕೆ ಬಂದ ಹೆಂಗಸರ ಬಳೆ, ಅವಲಕ್ಕಿ ಸರ ತೂಗಿ ಬರೆದುಕೊಂಡವಳು ನಾನೇ.

ಆದರೂ ಊರು ಉಳಿಯಿತಲ್ಲ, ಹೇಗೆ? ರಾಬರ್ಟ್ ಮುಂಡೆಲ್ ಎಂಬ ಕೆನಡಾದ ಅರ್ಥಶಾಸ್ತ್ರಜ್ಞ 1961ರಲ್ಲಿ ಒಂದು ಚಿಕ್ಕ ಲೇಖನ ಬರೆದ. ಒಂದೇ ಹಣ ಎಷ್ಟು ದೊಡ್ಡ ಪ್ರದೇಶಕ್ಕೆ ಸರಿ ಎಂಬುದು ಅವನ ವಿಚಾರ. ಒಂದು ಮೂಲೆಗೆ ಮಾತ್ರ ಕಷ್ಟ ಬಂದಾಗ ಅಲ್ಲಿನ ಜನ ಇನ್ನೊಂದು ಮೂಲೆಗೆ ಸುಲಭವಾಗಿ ಹೋಗಿ ದುಡಿಯುವಂತಿದ್ದರೆ ಆ ಪ್ರದೇಶಕ್ಕೆ ಒಂದೇ ಹಣ ನಡೆಯುತ್ತದೆ ಎಂದ. 1999ರಲ್ಲಿ ಅವನಿಗೆ ನೊಬೆಲ್ ಬಂತು. 1969ರಲ್ಲಿ ಪೀಟರ್ ಕೆನೆನ್ ಇನ್ನೊಂದು ಮಾತು ಸೇರಿಸಿದ: ಜನ ಹೋದರೆ ಸಾಲದು, ಕಷ್ಟದ ಮೂಲೆಗೆ ಕೇಂದ್ರದ ಬೊಕ್ಕಸದಿಂದ ಹಣವೂ ಬರಬೇಕು.

ಇಬ್ಬರೂ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಒಂದು ಗಂಟೆ ಕೂತಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ರಾತ್ರಿ ಬೆಂಗಳೂರು ಬಸ್ಸುಗಳಿಗೆ ಹತ್ತುವ ಹುಡುಗ ಹುಡುಗಿಯರು ಮುಂಡೆಲ್‌ನ ಉತ್ತರ. ರೇಷನ್ ಅಕ್ಕಿ, ವೃದ್ಧಾಪ್ಯ ವೇತನ, ಕಿಸಾನ್ ಸಮ್ಮಾನಿನ ವರ್ಷದ 6,000 ರೂಪಾಯಿ, ಆಗೀಗ ಬರುವ ಸಾಲಮನ್ನಾ, ಇವು ಕೆನೆನ್‌ನ ಉತ್ತರ. ಹೋದ ಮಕ್ಕಳು ಕಳಿಸುವ ದುಡ್ಡು ಎರಡಕ್ಕೂ ಸೇರಿದ್ದು. ಹಳೆಯ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೇ ಉಳಿದದ್ದು ಅದೇ ಲೆಕ್ಕದ ಇನ್ನೊಂದು ಕಡೆ. ಅದನ್ನು ಯಾವ ಲೇಖನವೂ ಕಾಲಂ ಹಾಕಿ ತೋರಿಸಿಲ್ಲ.

ನಮ್ಮ ಕಡೆ ಬೇರೆ ನಾಣ್ಯ ಇರಲೇ ಇಲ್ಲವೆಂದಲ್ಲ. ಕೆಳದಿಯ ಅರಸರ ಕಾಲಕ್ಕೆ ಇಕ್ಕೇರಿ ವರಹ ಓಡುತ್ತಿತ್ತು, ಅದರ ಮೇಲೆ ಉಮಾಮಹೇಶ್ವರ. 1763ರಲ್ಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಹೈದರಾಲಿ ಆ ಚಿತ್ರವನ್ನು ಹಾಗೇ ಉಳಿಸಿಕೊಂಡು ಹಿಂದಿನ ಬದಿಗೆ ತನ್ನ ಹೆಸರಿನ ಮೊದಲಕ್ಷರ ಮಾತ್ರ ಹಾಕಿಸಿದ. ಜನ ನಂಬಿದ ನಾಣ್ಯದ ಮುಖ ಕೆಡಿಸಬಾರದೆಂಬ ಬುದ್ಧಿ ಅವನಿಗಿತ್ತು. ಟಿಪ್ಪು ಹೆಸರುಗಳನ್ನೇ ಬದಲಿಸಿದ. ಚಿನ್ನದ ಹಣ ಅವನ ಕಾಲದಲ್ಲಿ ರಹತಿ. 1791ರಲ್ಲಿ ಮರಾಠರ ಸೈನ್ಯ ಶೃಂಗೇರಿ ಮಠವನ್ನು ದೋಚಿದಾಗ, ಶಾರದೆಯ ಪುನಃಪ್ರತಿಷ್ಠೆಗೆ 200 ರಹತಿ ನಗದು ಕೊಡುವಂತೆ ಅವನು ಬಿದನೂರಿನ ಅಧಿಕಾರಿಗೆ ಅಪ್ಪಣೆ ಮಾಡಿದ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಕಂಡ ಪತ್ರಗಳಿಂದ ಇದು ಹೊರಗೆ ಬಂತು.

1799ರ ನಂತರ ಮೈಸೂರು ಅರಸರ ಆಳ್ವಿಕೆಯಲ್ಲಿ ಲೆಕ್ಕವೆಲ್ಲ ಕಂಠೀರಾಯಿ ವರಹದಲ್ಲಿ. ಹದಿನೇಳನೇ ಶತಮಾನದ ಕಂಠೀರವ ನರಸರಾಜ ಒಡೆಯರ ಹೆಸರಿನದು. (ಎಡೇಹಳ್ಳಿ 1915ರಲ್ಲಿ ನರಸಿಂಹರಾಜಪುರವಾದದ್ದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಿಂದ, ಹೆಸರು ಹೆಚ್ಚುಕಮ್ಮಿ ಅದೇ, ವ್ಯಕ್ತಿ ಬೇರೆ.) ತಮಾಷೆಯೆಂದರೆ ಕಂಠೀರಾಯಿ ವರಹ ಎಂಬ ನಾಣ್ಯವೇ ಇರಲಿಲ್ಲ. ಇದ್ದದ್ದು ಬೆರಳ ತುದಿಗೆ ಅಂಟುವಷ್ಟು ಚಿಕ್ಕ ಚಿನ್ನದ ಹಣ. ಅಂಥ ಹತ್ತು ಸೇರಿದರೆ ಪುಸ್ತಕದಲ್ಲಿ ಒಂದು ವರಹ. ಮೊದಲ ಮೂರು ವರ್ಷದ ಯೂರೋ ಕೂಡ ಹೀಗೇ ಪುಸ್ತಕದ ಹಣವಾಗಿತ್ತು ಎಂಬುದನ್ನು ನೆನೆಯಿರಿ. ಇತ್ತ ಈಸ್ಟ್ ಇಂಡಿಯಾ ಕಂಪನಿಗೆ ಮೈಸೂರು ಕೊಡಬೇಕಾದ ವಾರ್ಷಿಕ ಪೊಗದಿ ಏಳು ಲಕ್ಷ ಸ್ಟಾರ್ ವರಹ. ಅದು ಮದರಾಸಿನ ನಾಣ್ಯ. ಒಂದಕ್ಕೆ ಮೂರೂವರೆ ರೂಪಾಯಿಯಂತೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ಕೈಯಲ್ಲಿ ಒಂದು ನಾಣ್ಯ, ಲೆಕ್ಕದಲ್ಲಿ ಒಂದು, ಪೊಗದಿಗೆ ಇನ್ನೊಂದು. ಪ್ರತಿ ಬದಲಾವಣೆಗೂ ಸರಾಫನ ವಟ್ಟ.

1835ರಲ್ಲಿ ಕಂಪನಿ ತನ್ನ ಆಳ್ವಿಕೆಗೆಲ್ಲ 180 ಗ್ರೇನ್ ತೂಕದ ಒಂದೇ ಬೆಳ್ಳಿ ರೂಪಾಯಿ ತಂದಿತು. ನಗರ (ಬಿದನೂರು) ಸೀಮೆಯ ದಂಗೆಯ ನಂತರ 1831ರಲ್ಲಿ ಮೈಸೂರಿನ ಆಡಳಿತ ಆಗಲೇ ಕಂಪನಿಯ ಕೈಗೆ ಹೋಗಿತ್ತು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು, 1843ರಲ್ಲಿ ಮುಚ್ಚಿತು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೆಲೆ ಅಚ್ಚಾದ ಮುಮ್ಮಡಿ ಕೃಷ್ಣರಾಜರ ತಾಮ್ರದ ಕಾಸುಗಳು ಅಲ್ಲಿಗೆ ನಿಂತವು. ನಾವು ಹಣಕಾಸು ಒಕ್ಕೂಟಕ್ಕೆ ಸೇರಿದ್ದು ಹೀಗೆ; ಒಪ್ಪಂದವಿಲ್ಲ, ಮತದಾನವಿಲ್ಲ. ಮುಂದೆ 1870ರ ದಶಕದಿಂದ ಬೆಳ್ಳಿಯ ಬೆಲೆ ಬಿದ್ದು, ಸುಮಾರು ಎರಡು ಷಿಲಿಂಗ್ ಬಾಳುತ್ತಿದ್ದ ರೂಪಾಯಿ 1892ರ ಹೊತ್ತಿಗೆ ಒಂದು ಷಿಲಿಂಗ್ ಮೂರು ಪೆನ್ನಿಗೆ ಇಳಿಯಿತು. ಲಂಡನ್ನಿಗೆ ಕಾಫಿ ಮಾರುತ್ತಿದ್ದ ಮಲೆನಾಡಿನ ತೋಟದ ದೊರೆಗಳಿಗೆ ಅದರಿಂದ ಸುಗ್ಗಿ. 1893ರಲ್ಲಿ ಸರ್ಕಾರ ಯಾರೇ ತಂದರೂ ಬೆಳ್ಳಿಯನ್ನು ರೂಪಾಯಿಯಾಗಿ ಟಂಕಿಸಿಕೊಡುವುದನ್ನು ನಿಲ್ಲಿಸಿ ಬೆಲೆ ಏರಿಸಿತು. ಇಳಿದಾಗಲೂ ಏರಿದಾಗಲೂ ಮೈಸೂರಿನ ದರ್ಬಾರನ್ನು ಕೇಳಿದವರಿಲ್ಲ. 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲಕ್ಕೆ ಮೈಸೂರು ಬ್ಯಾಂಕು ಬಂತು, ಮೈಸೂರು ನೋಟು ಬರಲಿಲ್ಲ.

ಹೈದರಾಬಾದಿನ ನಿಜಾಮ ಮಾತ್ರ ಪಟ್ಟು ಬಿಡಲಿಲ್ಲ. ರಾಯಚೂರು, ಕಲಬುರ್ಗಿ, ಬೀದರಿನಲ್ಲಿ ಓಡುತ್ತಿದ್ದದ್ದು ಅವನ ಹಾಲಿ ಸಿಕ್ಕಾ. ಏಳು ಹಾಲಿಗೆ ಆರು ಕಲ್ದಾರ್, ಅಂದರೆ ಬ್ರಿಟಿಷ್ ರೂಪಾಯಿ. ಶೃಂಗೇರಿಯಲ್ಲಿ ಯಾತ್ರಿಕರ ಕೈಯ ಮಂಡಕ್ಕಿಗೆ ಮೀನುಗಳು ಮುಗಿಬೀಳುವ ಇದೇ ತುಂಗೆ ಕೆಳಗೆ ಹೋಗಿ ತುಂಗಭದ್ರೆಯಾದಾಗ, ಬಳ್ಳಾರಿ ಸೀಮೆಯ ದಡದಲ್ಲಿ ಒಂದು ರೂಪಾಯಿ, ರಾಯಚೂರು ಸೀಮೆಯ ದಡದಲ್ಲಿ ಇನ್ನೊಂದು. ನೀರು ಕುಡಿಯುವ ಎರಡೂ ದಡದವರು ಕನ್ನಡದವರೇ. ಹೈದರಾಬಾದು ಭಾರತಕ್ಕೆ ಸೇರಿದ ಮೇಲೂ ಹಾಲಿ ಸಿಕ್ಕಾ ಪೂರ್ತಿ ರದ್ದಾದದ್ದು 1959ರಲ್ಲಿ, ಕನ್ನಡನಾಡು ಒಂದಾಗಿ ಮೂರು ವರ್ಷದ ಮೇಲೆ. ಎನ್.ಆರ್.ಪುರದ ನಮ್ಮ ತಾಯಂದಿರ ಹಿರಿಯರ ತಿರುವಾಂಕೂರಿನಲ್ಲಿ 1949ರವರೆಗೆ ಚಕ್ರ ಎಂಬ ನಾಣ್ಯವಿತ್ತು. ಯುರೋಪಿನವರು ಮಾಡಿದ್ದು ಜಗತ್ತಿನಲ್ಲೇ ಮೊದಲೆಂದು ಹೇಳುವವರಿಗೆ ನಾನು ಈ ಪಟ್ಟಿ ಒಪ್ಪಿಸುವುದುಂಟು.

ನಾವೇ ಇನ್ನೊಬ್ಬರ ಮೇಲೆ ಕೂತಿದ್ದ ಕಾಲವೂ ಇತ್ತು. ಕುವೈತ್, ಬಹ್ರೇನ್, ಕತಾರ್, ದುಬೈಗಳಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಅವರಿಗಾಗಿಯೇ ಬೇರೆ ಬಣ್ಣದ ಗಲ್ಫ್ ರೂಪಾಯಿ ಅಚ್ಚು ಹಾಕಿಸಿತು. 1966ರ ಜೂನ್ 6ರಂದು ದೆಹಲಿ ರೂಪಾಯಿಯ ಬೆಲೆ ಇಳಿಸಿತು, ಡಾಲರಿಗೆ 4.76 ಇದ್ದದ್ದು 7.50 ಆಯಿತು. ನಮ್ಮ ಬರಗಾಲ, ನಮ್ಮ ಯುದ್ಧದ ಖರ್ಚು; ಬಡವಾದದ್ದು ದುಬೈಯ ವ್ಯಾಪಾರಿಯ ತಿಜೋರಿ. ಕತಾರ್, ದುಬೈ ಅದೇ ವರ್ಷ ರೂಪಾಯಿಯ ಕೈಬಿಟ್ಟವು.

ಯೂರೋ ಒಳಗೆ ಅಂಥ ಪೆಟ್ಟು ತಿಂದದ್ದು ಗ್ರೀಸ್. ಅಗ್ಗದ ಬಡ್ಡಿಗೆ ಸಿಕ್ಕ ಸಾಲ ಮಾಡಿತು, ಲೆಕ್ಕ ಮುಚ್ಚಿಟ್ಟಿತು. 2009ರ ಕೊನೆಗೆ ನಿಜ ಹೊರಬಿತ್ತು. ಸ್ವಂತ ದ್ರಾಕ್ಮಾ ಇದ್ದಿದ್ದರೆ ಬೆಲೆ ಇಳಿಸಿಕೊಂಡು ಉಸಿರಾಡಬಹುದಿತ್ತು. ಅದಿಲ್ಲದ್ದಕ್ಕೆ ಸಂಬಳ ಕಡಿತ, ಪಿಂಚಣಿ ಕಡಿತ. 2013ರಲ್ಲಿ ನೂರಕ್ಕೆ 27 ಮಂದಿಗೆ ಕೆಲಸವಿಲ್ಲ. 2015ರ ಜೂನ್ ಕೊನೆಗೆ ಬ್ಯಾಂಕುಗಳನ್ನು ಮುಚ್ಚಿ, ಎಟಿಎಮ್ಮಿನಿಂದ ದಿನಕ್ಕೆ 60 ಯೂರೋ ಮಾತ್ರ ಎಂದರು. ಅಥೆನ್ಸಿನಲ್ಲಿ ಮುಚ್ಚಿದ ಬ್ಯಾಂಕಿನ ಬಾಗಿಲ ಮುಂದೆ ವೃದ್ಧರು ನಿಂತ ಚಿತ್ರಗಳನ್ನು ನಮ್ಮ ಶಾಖೆಯಲ್ಲಿ ಎಲ್ಲರೂ ಪತ್ರಿಕೆಯಲ್ಲಿ ನೋಡಿದೆವು. ಮರುವರ್ಷ ನವೆಂಬರಿನಲ್ಲಿ ನೋಟು ರದ್ದಾಗಿ ನಮ್ಮ ಬಾಗಿಲಲ್ಲೂ ಜನ ಹಾಗೇ ನಿಲ್ಲುತ್ತಾರೆಂದು ಆಗ ಯಾರಿಗೆ ಗೊತ್ತಿತ್ತು.

ಗ್ರೀಸಿನ ಹುಡುಗರೂ ನಮ್ಮವರಂತೆ ಊರು ಬಿಟ್ಟರು. ಆದರೆ ಅವರಿಗೆ ಬರ್ಲಿನ್ನಿನಲ್ಲಿ ಭಾಷೆಯ ಗೋಡೆ. ಕೇಂದ್ರದ ಬೊಕ್ಕಸವಂತೂ ಹೆಸರಿಗೆ. ಯುರೋಪಿನ ಒಕ್ಕೂಟದ ಇಡೀ ಬಜೆಟ್ಟು ಸದಸ್ಯ ದೇಶಗಳ ಆದಾಯದ ಸುಮಾರು ಶೇ. 1. ನಮ್ಮಲ್ಲಿ ಕೇಂದ್ರ ಹಂಚಬೇಕಾದ ತೆರಿಗೆಯಲ್ಲಿ ಶೇ. 41ನ್ನು ರಾಜ್ಯಗಳಿಗೆ ಕೊಡಿ ಎಂದಿತು 15ನೇ ಹಣಕಾಸು ಆಯೋಗ. ಅದೇ ಆಯೋಗ ಕರ್ನಾಟಕದ ಪಾಲನ್ನು ಶೇ. 4.713ರಿಂದ 3.647ಕ್ಕೆ ಇಳಿಸಿದ್ದಕ್ಕೆ ನಮ್ಮ ಸಿಟ್ಟು. ಸಿಟ್ಟಿಗೆ ಕಾರಣವಿದೆ, ಇಳಿತ ಸಣ್ಣದಲ್ಲ. ಆದರೆ ಕೊಪ್ಪದಲ್ಲಿ ಕೂತು ಈ ಮಾತು ಜೋರಾಗಿ ಆಡುವಾಗ ನಾನು ಸ್ವಲ್ಪ ತಡೆಯುತ್ತೇನೆ. ದುಡಿಯುವವರು ನಾವು, ತಿನ್ನುವವರು ಬೇರೆಯವರು ಎಂದು ದೆಹಲಿಯ ಎದುರು ಕರ್ನಾಟಕ ಹೇಳುವುದನ್ನೇ ಬೆಂಗಳೂರಿನವರು ನಮ್ಮ ಎದುರು ಹೇಳಬಹುದು. ಗ್ರೀಸಿನ ಬಗ್ಗೆ ಜರ್ಮನಿಯವರು ಹೇಳಿದ್ದು ಅದನ್ನೇ.

ಹೋದ ವರ್ಷ ಕೊಯ್ಲಿನ ಹೊತ್ತಿಗೆ ತವರಿಗೆ ಹೋಗಿದ್ದಾಗ ತಮ್ಮನ ಜೊತೆ ಇದೇ ಮಾತು ಬೇರೆ ದಾರಿ ಹಿಡಿಯಿತು. ಅಂಗಳದಲ್ಲಿ ಸುಲಿಯುವ ಹೆಂಗಸರು ಮೆಟ್ಟುಕತ್ತಿಯ ಮುಂದೆ ಕೂತಿದ್ದರು, ಬೇಯಿಸುವ ಹಂಡೆಯಿಂದ ಚೊಗರಿನ ವಾಸನೆ.

"ಭೂತಾನದ ಅಡಿಕೆ ನಿಲ್ಲಿಸದಿದ್ದರೆ ನಾವು ಉಳಿಯಲ್ಲ ಅಕ್ಕ" ಎಂದ.

2022ರಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರದ ಕಟ್ಟಿಲ್ಲದೆ ಜೈಗಾಂವ್ ಮೂಲಕ ತರಲು ಬಿಟ್ಟಿದೆ. ಉಳಿದ ದೇಶಗಳ ಅಡಿಕೆಗೆ 2023ರ ಫೆಬ್ರವರಿಯಿಂದ ಕಿಲೋಗೆ 351 ರೂಪಾಯಿಯ ಕನಿಷ್ಠ ದರ. ಮೊದಲು 251 ಇತ್ತು. ಈ ಎರಡರ ಹಿಂದೆಯೂ ಹಣದ ಕಥೆಯಿದೆ. 2022ರಲ್ಲಿ ಶ್ರೀಲಂಕಾದ ರೂಪಾಯಿ ಕುಸಿದು, ಡಾಲರಿಗೆ ಸುಮಾರು 200 ಇದ್ದದ್ದು ಎರಡು ತಿಂಗಳಲ್ಲಿ 360ರ ಹತ್ತಿರ ಹೋಯಿತು. ಅಲ್ಲಿನ ಬೆಳೆಗಾರ ತನ್ನ ದುಡ್ಡಿನಲ್ಲಿ ಹಳೆಯ ಬೆಲೆಗೇ ಮಾರಿದರೂ ನಮ್ಮ ದುಡ್ಡಿನಲ್ಲಿ ಅದು ಅರ್ಧಕ್ಕೆ ಹತ್ತಿರ. ಕನಿಷ್ಠ ಆಮದು ದರವೆಂಬ ಬೇಲಿ ಅಂಥದಕ್ಕೇ ಬೇಕು. ಭೂತಾನದ ವಿಷಯ ಬೇರೆ. 1974ರಲ್ಲಿ ಶುರುವಾದ ಅವರ ಙುಲ್ಟ್ರಮ್‌ಗೆ ಮೊದಲಿನಿಂದಲೂ ಒಂದಕ್ಕೆ ಒಂದು ರೂಪಾಯಿ, ನಮ್ಮ ನೋಟೂ ಅಲ್ಲಿ ನಡೆಯುತ್ತದೆ. ನಮ್ಮನ್ನು ಸೋಲಿಸಲು ಅವರು ಹಣದ ಬೆಲೆ ಇಳಿಸುವಂತಿಲ್ಲ. ರೂಪಾಯಿ ಬಳಸಬಹುದು, ಅಚ್ಚು ಹಾಕುವಂತಿಲ್ಲ. 2012ರಲ್ಲಿ ಅವರಿಗೆ ರೂಪಾಯಿಯ ಬರ ಬಂದು, ಅವರ ಕೇಂದ್ರ ಬ್ಯಾಂಕು ರೂಪಾಯಿ ಕೊಡುವುದನ್ನೇ ಬಿಗಿ ಮಾಡಬೇಕಾಯಿತು. ನಮಗೆ ಅಡಿಕೆ ಮಾರಿದರೆ ಅವರಿಗೆ ರೂಪಾಯಿ.

"ಮತ್ತೆ ಹದಿನೇಳು ಸಾವಿರ ಟನ್ ಅನ್ನುವುದು ಹಸಿ ಲೆಕ್ಕ. ಬೇಯಿಸಿ ಒಣಗಿಸಿದರೆ ಎಷ್ಟು ಉಳಿಯುತ್ತೆ, ನೀನೇ ಹೇಳು" ಎಂದೆ.

"ನಿಂದು ಬ್ಯಾಂಕಿನ ಲೆಕ್ಕ. ಭೂತಾನದ ಹೆಸರಲ್ಲಿ ಬೇರೆ ಎಲ್ಲಿಂದೆಲ್ಲ ಬರುತ್ತೋ, ಯಾರು ನೋಡಿದ್ದಾರೆ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವನು ಮೊಬೈಲಿನಲ್ಲಿ ಶಿವಮೊಗ್ಗದ ಧಾರಣೆ ತೆಗೆದ: ಸರಕು, ಬೆಟ್ಟೆ, ರಾಶಿ, ಗೊರಬಲು. ರಾಶಿ ಹಿಂದಿನ ದಿನಕ್ಕಿಂತ ಇಳಿದಿತ್ತು. ಇದಕ್ಕೂ ಭೂತಾನವೇ ಕಾರಣ ಎಂದು ಎದ್ದುಹೋಗಿ ಹಂಡೆಯ ಒಲೆಗೆ ಸೌದೆ ನೂಕಿದ.